ನಾಟಕದ ಟಿಕೆಟಿಗೆ ನೋಟಿನ ಪಾಠ

ಬನಶಂಕರಿ ಜಾತ್ರೆ ಬಂತೆಂದರೆ ನಮ್ಮ ಬಾಗಲಕೋಟೆ ಕಡೆಯ ಪ್ರೆಸ್‌ಗಳಿಗೆ ಸುಗ್ಗಿ. ಬನದ ಹುಣ್ಣಿಮೆಗೆ ತೇರು ಎಳೆದ ಮೇಲೂ ನಾಟಕ ಕಂಪನಿಗಳು ಟೆಂಟ್ ಬಿಚ್ಚುವುದಿಲ್ಲ. ಪೋಸ್ಟರ್, ಹ್ಯಾಂಡ್‌ಬಿಲ್, ಟಿಕೆಟ್ ಎಲ್ಲ ಅವಸರದಲ್ಲೇ ಆಗಬೇಕು. ನನ್ನದು ಸಣ್ಣ ಪ್ರೆಸ್. ಒಂದು ಸಿಂಗಲ್ ಕಲರ್ ಆಫ್‌ಸೆಟ್, ಮೊಳೆ ಜೋಡಿಸಿ ಒತ್ತುವ ಒಂದು ಹಳೇ ಟ್ರೆಡಲ್ ಯಂತ್ರ, ಒಂದು ಕಟಿಂಗ್ ಮಷಿನ್. ಕೆಲಸ ಕಲಿತದ್ದು ಗದಗಿನಲ್ಲಿ.

ಕಲರ್ ಜೆರಾಕ್ಸ್ ಅಗ್ಗವಾದ ಮೇಲೆ ಟಿಕೆಟ್ ನಕಲು ಶುರುವಾಯಿತು. ಒಂದು ಕಂಪನಿಯ ಮ್ಯಾನೇಜರ್ ಎರಡು ಟಿಕೆಟ್ ತಂದು ಟೇಬಲ್ ಮೇಲಿಟ್ಟರು. "ಇದ್ರಾಗ ನಿಮ್ಮದು ಯಾವುದು ಹೇಳ್ರಿ ಅಣ್ಣಾರ, ನೋಡೂಣು" ಅಂದರು. ನಾನು ಲೂಪ್, ಅಂದರೆ ಮುದ್ರಕರ ಭೂತಗನ್ನಡಿ, ಇಟ್ಟು ನೋಡಿದೆ. ಒಂದರಲ್ಲಿ ಗೆರೆ ಗಟ್ಟಿಯಾಗಿ, ಒಂದೇ ಬಣ್ಣದಲ್ಲಿತ್ತು. ಇನ್ನೊಂದರಲ್ಲಿ ಅದೇ ಗೆರೆ ನಾಲ್ಕು ಬಣ್ಣದ ಚುಕ್ಕಿಗಳಾಗಿ ಒಡೆದಿತ್ತು. ನನಗೇನೋ ಗೊತ್ತಾಯಿತು. ಆದರೆ ರಾತ್ರಿ ಆಟದ ಮಬ್ಬು ಬೆಳಕಿನಲ್ಲಿ ಗೇಟಿನಲ್ಲಿ ನಿಂತ ವಯಸ್ಸಾದ ಮನುಷ್ಯ ಲೂಪ್ ಹಿಡಿದುಕೊಂಡು ಕೂರೋಕೆ ಆಗುತ್ತಾ?

ಜೇಬಿನಲ್ಲಿದ್ದ 500ರ ನೋಟನ್ನು ಆಗಲೇ ಮುದ್ರಕನ ಕಣ್ಣಿನಿಂದ ನೋಡಲು ಶುರು ಮಾಡಿದ್ದು. ನೋಟನ್ನು ಒಂದೇ ಏಟಿಗೆ ಅಚ್ಚು ಹಾಕುವುದಿಲ್ಲ. ವಾಟರ್‌ಮಾರ್ಕ್ ಮತ್ತು ದಾರ ಕಾಗದದ ಮಿಲ್ಲಿನಲ್ಲೇ ಸೇರುತ್ತವೆ. ಕಾಗದವೂ ಹತ್ತಿಯದು. ಆಮೇಲೆ ಹಿನ್ನೆಲೆಯ ನವುರಾದ ಗೆರೆಗಳು ಆಫ್‌ಸೆಟ್‌ನಲ್ಲಿ, ಅದರ ಮೇಲೆ ಇಂಟಾಗ್ಲಿಯೊ, ಕೊನೆಗೆ ನಂಬರ್.

ಇಂಟಾಗ್ಲಿಯೊ ನಮ್ಮ ಟ್ರೆಡಲ್‌ಗೆ ಪೂರ್ತಿ ಉಲ್ಟಾ. ನಮ್ಮಲ್ಲಿ ಉಬ್ಬಿದ ಅಚ್ಚಿನ ಮೊಳೆಗೆ ಮಸಿ ಹತ್ತುತ್ತದೆ, ಅದು ಕಾಗದವನ್ನು ಒತ್ತಿ ತಗ್ಗು ಮಾಡುತ್ತದೆ. ಅಲ್ಲಿ ಲೋಹದ ಪ್ಲೇಟಿನಲ್ಲಿ ಚಿತ್ರವನ್ನು ತಗ್ಗಾಗಿ ಕೊರೆದಿರುತ್ತಾರೆ. ತಗ್ಗಿನಲ್ಲಿ ಮಸಿ ತುಂಬಿ, ಮೇಲಿನದನ್ನು ಒರೆಸಿ, ಭಾರೀ ಒತ್ತಡದಲ್ಲಿ ಕಾಗದ ಒತ್ತುತ್ತಾರೆ. ಕಾಗದವೇ ಆ ತಗ್ಗಿಗೆ ಇಳಿದು ಮಸಿ ಎತ್ತಿಕೊಂಡು ಬರುತ್ತದೆ. ಅದಕ್ಕೇ ಮಸಿ ಉಬ್ಬಿ ನಿಲ್ಲುತ್ತದೆ. 100 ಮತ್ತು ಅದಕ್ಕಿಂತ ದೊಡ್ಡ ನೋಟುಗಳಲ್ಲಿ ಗಾಂಧೀಜಿ ಮುಖವನ್ನು ಬೆರಳಿನಿಂದ ಸವರಿ ನೋಡಿ, ತಿಳಿಯುತ್ತದೆ. 500ರ ನೋಟಿನ ಎರಡೂ ಅಂಚಿನ ಐದೈದು ಓರೆ ಗೆರೆಗಳನ್ನು ಕಣ್ಣು ಕಾಣದವರಿಗಾಗಿಯೇ ಇಟ್ಟಿದ್ದಾರೆ. 100ರ ನೋಟಿನಲ್ಲಿ ನಾಲ್ಕು ಇವೆ. ಜೆರಾಕ್ಸ್ ಮಷಿನ್ ಬಣ್ಣ ಕದಿಯುತ್ತದೆ, ಉಬ್ಬನ್ನು ಕದಿಯುವುದಿಲ್ಲ.

ನಕಲಿನ ಕಾಟ ಇವತ್ತಿನದೇನಲ್ಲ ಬಿಡಿ. ಬ್ರಿಟಿಷರ ಕಾಲದಲ್ಲಿ ವಿಕ್ಟೋರಿಯಾ ರಾಣಿಯ ಚಿತ್ರವಿದ್ದ ನೋಟು ಜಾಸ್ತಿ ನಕಲಾಗಿ, ಅದನ್ನು ವಾಪಸ್ ತಗೊಂಡು 1867ರಲ್ಲಿ ಬೇರೆ ಸರಣಿ ತಂದರು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಕೂಡ ನನ್ನ ಹಾಗೆ ಪ್ರೆಸ್ ನಡೆಸುತ್ತಿದ್ದವನು. 1730ರ ದಶಕದ ಕೊನೆಯಲ್ಲಿ ನೋಟಿಗೆ ನಿಜವಾದ ಎಲೆಯ ಅಚ್ಚು ಹಾಕತೊಡಗಿದ. ಎಲೆಯ ನರಗಳನ್ನು ಕೈಯಿಂದ ಹಾಗೇ ಕೊರೆಯುವುದು ಯಾರಿಗೂ ಆಗದ ಕೆಲಸ. ಉಪಾಯ ಚೆನ್ನಾಗಿದೆ ಅಂತ ನಾನೂ ಅರಳಿ ಎಲೆಯ ಒಂದು ಡಿಸೈನ್ ಮಾಡಿದೆ, ನೋಡೋಕೆ ಚಂದ. ಆದರೆ ಅವನ ಕಾಲಕ್ಕೆ ಸ್ಕ್ಯಾನರ್ ಇರಲಿಲ್ಲ ಅಲ್ವಾ? ಈಗ ಎಲೆಯೊಂದೇ ಟಿಕೆಟ್ ಕಾಯುವುದಿಲ್ಲ.

ಇಂಟಾಗ್ಲಿಯೊ ನನ್ನಂಥವನ ಕೈಗೆ ಸಿಗುವ ವಸ್ತುವಲ್ಲ. ಒಂದು ಕಡೆಯ ಅರ್ಧ ಅಂಕಿ ಇನ್ನೊಂದು ಕಡೆಯ ಅರ್ಧಕ್ಕೆ ಬೆಳಕಿನಲ್ಲಿ ಕೂಡಿಕೊಳ್ಳುವ ಗುರುತೂ ಆಗದು. ನೋಟಿನ ಮಷಿನ್‌ನಲ್ಲಿ ಎರಡೂ ಬದಿ ಒಂದೇ ಸಲ ಅಚ್ಚಾಗುತ್ತವೆ. ನಾನು ಶೀಟ್ ತಿರುಗಿಸಿ ಹಾಕಬೇಕು, ಕೂದಲಷ್ಟಾದರೂ ಜರುಗುತ್ತದೆ. ಆದರೆ ಎರಡು ಉಪಾಯಗಳನ್ನು ಮಾತ್ರ ಸಣ್ಣ ಪ್ರೆಸ್‌ನಲ್ಲೂ ಮಾಡಬಹುದು.

ಮೊದಲನೆಯದು ಬಣ್ಣ ಕೂಡಿಸುವುದು. ಆಫ್‌ಸೆಟ್‌ನ ಇಂಕ್ ಡಕ್ಟಿಗೆ, ಅಂದರೆ ಮಸಿ ತುಂಬುವ ತೊಟ್ಟಿಗೆ, ನಡುವೆ ಅಡ್ಡ ಕೊಟ್ಟು, ಎಡಕ್ಕೆ ಹಸಿರು ಬಲಕ್ಕೆ ಕಿತ್ತಳೆ ಹಾಕುತ್ತೇನೆ. ರೋಲರ್‌ಗಳು ಆ ಕಡೆ ಈ ಕಡೆ ಆಡುವಾಗ ನಡುವೆ ಎರಡೂ ಬೆರೆಯುತ್ತವೆ. ಒಂದೇ ಗೆರೆ ಹಸಿರಾಗಿ ಶುರುವಾಗಿ, ಎಲ್ಲೂ ಕಡಿಯದೆ ಕಿತ್ತಳೆಯಾಗಿ ಮುಗಿಯುತ್ತದೆ. ನೋಟಿನ ಹಿನ್ನೆಲೆಯಲ್ಲೂ ಬಣ್ಣ ಬಣ್ಣಕ್ಕೆ ಹೀಗೇ ಜಾರುವುದು. ನಕಲು ಮಾಡಿದರೆ ಅದು ಚುಕ್ಕಿಗಳ ಗುಂಪಾಗುತ್ತದೆ. ಕಿತ್ತಳೆಯನ್ನು ನಾನು ಫ್ಲೋರೊಸೆಂಟ್ ಇಂಕಿನಲ್ಲೇ ಹಾಕುತ್ತೇನೆ. ಜೆರಾಕ್ಸ್‌ನ ನಾಲ್ಕು ಬಣ್ಣದಲ್ಲಿ ಆ ಹೊಳಪು ಬರುವುದೇ ಇಲ್ಲ, ಮಂಕಾಗುತ್ತದೆ. ಬಣ್ಣದ ಜೋಡಿಯನ್ನು ಆಟಕ್ಕೊಂದರಂತೆ ಬದಲಿಸುತ್ತೇವೆ. ಇವತ್ತು ಯಾವ ಜೋಡಿ ಅನ್ನೋದು ಸಂಜೆ ಕೌಂಟರ್ ತೆರೆಯುವಾಗಲೇ ಗೇಟಿನವರಿಗೆ ಗೊತ್ತಾಗುವುದು. ನನ್ನ ಲೆಕ್ಕದಲ್ಲಿ ಜಾಸ್ತಿ ಕೆಲಸಕ್ಕೆ ಬಂದದ್ದು ಇದೇ. ಖರ್ಚು ಅಂತ ನೋಡಿದರೆ ರೋಲರ್ ತೊಳೆಯುವ ಸೀಮೆಎಣ್ಣೆ, ಅಷ್ಟೇ.

ಎರಡನೆಯದು ಬೆರಳಿಗೆ ಸಿಗುವ ಗುರುತು. ಟಿಕೆಟ್ ನಂಬರ್ ಒತ್ತುವ ನಂಬರಿಂಗ್ ಬಾಕ್ಸನ್ನು ಟ್ರೆಡಲ್‌ಗೆ ಕಟ್ಟಿ, ಒತ್ತಡ ಸ್ವಲ್ಪ ಜಾಸ್ತಿ ಕೊಡುತ್ತೇನೆ. ಟಿಕೆಟ್ ಹಿಂದೆ ಹೆಬ್ಬೆರಳು ಆಡಿಸಿದರೆ ಅಂಕಿಗಳ ಉಬ್ಬು ಸಿಗುತ್ತದೆ. ಗೇಟಿನ ಮನುಷ್ಯ ಟಿಕೆಟನ್ನು ನೋಡುವುದೇ ಇಲ್ಲ ಈಗ, ಹರಿಯುವಾಗ ಸುಮ್ನೆ ಸವರುತ್ತಾನೆ. ನುಣ್ಣಗಿದ್ದರೆ ಪಕ್ಕಕ್ಕೆ ನಿಲ್ಲಿಸುತ್ತಾನೆ. ತೀರಾ ಗಟ್ಟಿ ಒತ್ತಿದರೆ ಕಾಗದ ಹರಿಯುತ್ತದೆ, ಅದರ ಹದ ಕೈಗೆ ಬರಬೇಕು.

ಸುತ್ತಲಿನ ಬಾರ್ಡರ್ ವಿಷಯ. ಮ್ಯಾನೇಜರಿಗೆ ಇಳಕಲ್ ಸೀರೆಯ ಸೆರಗಿನ ಡಿಸೈನ್ ಬೇಕಿತ್ತು. ನಾನು ಬೇಡ ಅಂದೆ. ನೇರ ಗೆರೆಯ ನಮೂನೆಯನ್ನು ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ಮತ್ತೆ ಬರೆಯಬಹುದು. ಅದರ ಬದಲು ಒಂದರೊಳಗೊಂದು ಹೆಣೆದ ಬಳ್ಳಿಗೆರೆ ಹಾಕಿದೆ. ಇದಕ್ಕೆ ಗಿಲೋಷ್ ಅಂತಾರೆ, ಹಿಂದೆ ಇದನ್ನು ಕೊರೆಯಲು ಲೇತ್‌ಗಳೇ ಇದ್ದವು. ಬರೆದವನ ಹತ್ತಿರ ಅಳತೆ ಇಲ್ಲದಿದ್ದರೆ ಅದೇ ಹೆಣಿಗೆ ಮತ್ತೆ ಕೂಡಿಸುವುದು ಕಷ್ಟ. ಬಾರ್ಡರಿನ ಒಂದು ಗೆರೆ ಗೆರೆಯೇ ಅಲ್ಲ, ಸಣ್ಣ ಅಕ್ಷರಗಳ ಸಾಲು. ಕನ್ನಡದಲ್ಲಿ ಇದು ತುಸು ತ್ರಾಸು. ನಮ್ಮ ಅಕ್ಷರ ದುಂಡು, ಮಸಿ ಹರಡಿದರೆ ಹೊಟ್ಟೆ ಮುಚ್ಚಿಕೊಳ್ಳುತ್ತದೆ. ಒತ್ತಕ್ಷರವಂತೂ ಮುದ್ದೆ. ಅದಕ್ಕೆ ಒತ್ತಿಲ್ಲದ ಪದಗಳನ್ನೇ ಆರಿಸಿದೆ.

ಯುವಿ ದೀಪದಡಿ ಮಾತ್ರ ಹೊಳೆಯುವ ಯುವಿ ಇಂಕ್ ಬಗ್ಗೆ ಬಹಳ ಜನ ಕೇಳುತ್ತಾರೆ. ಮಾಮೂಲು ಮ್ಯಾಪ್‌ಲಿಥೋ ಕಾಗದದಲ್ಲಿ ಅದು ದಂಡ. ಬಿಳುಪು ಹೆಚ್ಚಲಿ ಅಂತ ಕಾಗದಕ್ಕೆ ಹಾಕಿದ ರಾಸಾಯನಿಕವೇ ಯುವಿ ದೀಪದಡಿ ನೀಲಿಯಾಗಿ ಹೊಳೆಯುತ್ತದೆ, ಇಂಕ್ ಅದರಲ್ಲಿ ಮುಳುಗಿಹೋಗುತ್ತದೆ. ನೋಟಿನ ಕಾಗದ ಆ ದೀಪದಡಿ ಮಂಕಾಗಿರುವುದರಿಂದಲೇ ಅದರ ನಂಬರ್ ಎದ್ದು ಕಾಣುವುದು. ಹೊಲೊಗ್ರಾಮ್ ಸ್ಟಿಕ್ಕರ್ ನನಗೆ ಇಷ್ಟವಿಲ್ಲ. ಮಿಂಚುವ ಯಾವ ಸ್ಟಿಕ್ಕರ್ ಇದ್ದರೂ ಗೇಟಿನವನು ಒಳಗೆ ಬಿಡುತ್ತಾನೆ.

ಇಷ್ಟೆಲ್ಲ ನೋಡಿದ ಒಬ್ಬರು, ಮಗನ ಮದುವೆ ಕಾರ್ಡನ್ನು 500ರ ನೋಟಿನ ಹಾಗೆ ಮಾಡಿಕೊಡಿ ಅಂತ ಬಂದರು. ನೋಟನ್ನು ಹೋಲುವ ಕಾಗದ ಅಚ್ಚು ಹಾಕುವುದೇ ಅಪರಾಧ, ತಮಾಷೆಗೆ ಅಂದರೂ ಬಿಡುವುದಿಲ್ಲ. ಚಹಾ ಕುಡಿಸಿ ಕಳಿಸಿದೆ.

ಕಳ್ಳತನ ಪ್ರೆಸ್ಸಿನಿಂದಲೂ ಆಗಬಹುದು, ಅದನ್ನೂ ನೋಡಬೇಕು. ಬಣ್ಣ ಕೂಡುವವರೆಗೆ ಮೊದಲ ಶೀಟ್‌ಗಳು ಹಾಳಾಗುತ್ತವೆ. ಮೊದಲೆಲ್ಲ ಅವು ಶೇಂಗಾ ಪೊಟ್ಟಣಕ್ಕೆ ಹೋಗುತ್ತಿದ್ದವು. ಈಗ ಹಾಕಿದ ಶೀಟ್, ಒಳ್ಳೇ ಶೀಟ್, ಹಾಳು ಶೀಟ್ ಮೂರನ್ನೂ ಬರೆದಿಡುತ್ತೇನೆ. ಹಾಳಾದದ್ದನ್ನು ಕತ್ತರಿಸಿ ಸುಡುತ್ತೇವೆ. ಅಲ್ಯೂಮಿನಿಯಂ ಪ್ಲೇಟು ಗುಜರಿಗೆ ಹೋಗುವ ಮುಂಚೆ ಚಿತ್ರದ ಮೇಲೆ ಅಡ್ಡಡ್ಡ ಗೀರುತ್ತೇನೆ. ಹುಡುಗರಿಗೆ ಇದು ಬೇಜಾರಿನ ಕೆಲಸ, ಗೊಣಗುತ್ತಾರೆ. ಆದರೂ ಲೆಕ್ಕ ತಾಳೆಯಾಗದೆ ಶಟರ್ ಎಳೆಯುವುದಿಲ್ಲ.