ಶಾಸಕರ ಮುಂದೆ ನಮ್ಮೂರಿನ ಬೇಡಿಕೆ ಪಟ್ಟಿ: ನನ್ನ ಅನುಭವ

ರಾಜ್ಯ ಬಜೆಟ್ ಹತ್ತಿರ ಬಂತೆಂದರೆ ಎಲ್ಲ ಊರುಗಳಿಂದಲೂ ಶಾಸಕರಿಗೆ ಮನವಿ ಪತ್ರಗಳು ಹೋಗುತ್ತವೆ. ರಿಂಗ್ ರಸ್ತೆ, ಈಜುಕೊಳ, ಕಲಾಭವನ, ಹೈಮಾಸ್ಟ್ ದೀಪ ಎಲ್ಲವೂ ಒಂದೇ ಹಾಳೆಯಲ್ಲಿ ಇರುತ್ತವೆ. ಬಯಲುಸೀಮೆಯ ಒಂದು ನಗರಸಭೆಯಲ್ಲಿ ಸ್ಥಾಯಿ ಸಮಿತಿ ಅಧ್ಯಕ್ಷನಾಗಿದ್ದಾಗ ಆ ಪಟ್ಟಿ ಮಾಡುವ ಹೊಣೆ ನನಗೆ ಬಂತು. ಹಣ ಕೊಡಿ ಅನ್ನುವ ಬೇಡಿಕೆಗಳನ್ನೂ ನಿಯಮ ಬದಲಿಸಿ ಅನ್ನುವ ಬೇಡಿಕೆಗಳನ್ನೂ ಮೊದಲೇ ಬೇರೆ ಬೇರೆ ಮಾಡಿದೆ. ಕೋಟಿಗಟ್ಟಲೆ ಅನುದಾನಕ್ಕಿಂತ ಒಂದು ಸುತ್ತೋಲೆಯಿಂದ ಊರಿಗೆ ಹೆಚ್ಚು ಒಳ್ಳೆಯದಾಗುವ ಸಂದರ್ಭಗಳಿವೆ. ನಮ್ಮ ಪಟ್ಟಿಗಳಲ್ಲಿ ಇಲ್ಲದೇ ಹೋಗುತ್ತಿದ್ದುದು ಈ ಎರಡನೆಯ ಬಗೆಯ ಬೇಡಿಕೆಗಳೇ.

ಕೆಲಸ ಶುರು ಮಾಡಿದ್ದು ದಸರಾ ಮುಗಿದ ಕೂಡಲೇ. ಬಜೆಟ್ ಮಂಡನೆಯಾಗುವುದು ಫೆಬ್ರುವರಿ ಅಥವಾ ಮಾರ್ಚಿನಲ್ಲಿ. 2024ರಲ್ಲಿ ಫೆಬ್ರುವರಿ 16ಕ್ಕೆ, 2025ರಲ್ಲಿ ಮಾರ್ಚ್ 7ಕ್ಕೆ ಆಯಿತು. ಆದರೆ ಇಲಾಖೆಗಳು ತಮ್ಮ ಅಂದಾಜುಗಳನ್ನು ಅದಕ್ಕೆ ಎಷ್ಟೋ ಮೊದಲೇ ಹಣಕಾಸು ಇಲಾಖೆಗೆ ಕಳಿಸಿರುತ್ತವೆ. ಮಂಡನೆಗೆ ವಾರವಿದೆ ಎನ್ನುವಾಗ ಶಾಲು, ಹಾರ ಹಿಡಿದು ಹೋದರೆ ಫೋಟೋ ಸಿಗುತ್ತದೆ, ಅನುದಾನ ಸಿಗುವುದಿಲ್ಲ.

ಮೊದಲು ಲೆಕ್ಕ ಶಾಖೆಯಲ್ಲಿ ಕೂತೆ. ನಮಗೆ ಬರುವ ಹಣ ಯಾವುದು, ಅದರಲ್ಲಿ ನಾವು ಇಷ್ಟಬಂದಂತೆ ಖರ್ಚು ಮಾಡಬಹುದಾದದ್ದು ಎಷ್ಟು ಎಂದು ಲೆಕ್ಕ ಅಧೀಕ್ಷಕರಿಂದ ಸಾಲು ಸಾಲಾಗಿ ಬರೆಸಿಕೊಂಡೆ. ಎಸ್‌ಎಫ್‌ಸಿ, ಅಂದರೆ ರಾಜ್ಯ ಹಣಕಾಸು ಆಯೋಗದ ಅನುದಾನದಲ್ಲಿ ವೇತನಕ್ಕೆ, ವಿದ್ಯುತ್ ಬಿಲ್ಲಿಗೆ ಮೊದಲೇ ಗೆರೆ ಹಾಕಿರುತ್ತಾರೆ. 15ನೇ ಹಣಕಾಸು ಆಯೋಗ 2021-26ರ ಅವಧಿಗೆ ನಮ್ಮಂಥ ಊರುಗಳಿಗೆ ಕೊಟ್ಟ ಹಣದಲ್ಲಿ ಶೇ 60 ಭಾಗ ಕುಡಿಯುವ ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು. ಇನ್ನು ಉಳಿದದ್ದು ನಾವೇ ವಸೂಲು ಮಾಡುವ ಆಸ್ತಿ ತೆರಿಗೆ. ಸಂವಿಧಾನದ 74ನೇ ತಿದ್ದುಪಡಿ 12ನೇ ಅನುಸೂಚಿಯಲ್ಲಿ ನಗರ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳನ್ನು ಪಟ್ಟಿ ಮಾಡಿ 1993ರಲ್ಲೇ ಜಾರಿಗೆ ಬಂದಿದೆ. ಅಷ್ಟನ್ನೂ ಹೊರಲು ನಮ್ಮ ಕೈಯಲ್ಲಿ ಉಳಿಯುವ ದುಡ್ಡು ಎಷ್ಟೆಂದು ಆ ಹಾಳೆ ನೋಡಿದರೆ ಯಾರಿಗೂ ವಿವರಿಸಿ ಹೇಳಬೇಕಾಗಿಲ್ಲ. ಪಟ್ಟಿಯ ಮೊದಲ ಪುಟವಾಗಿ ಅದನ್ನೇ ಇಟ್ಟೆ.

ಕಷ್ಟವಿದ್ದದ್ದು ಸಾಮಾನ್ಯ ಸಭೆಯಲ್ಲಿ. ಪ್ರತಿಯೊಬ್ಬ ಸದಸ್ಯರಿಗೂ ತಮ್ಮ ವಾರ್ಡಿನದೊಂದು ಕೆಲಸ ಪಟ್ಟಿಯಲ್ಲಿರಬೇಕು. ಅದು ತಪ್ಪಲ್ಲ, ಅವರು ನಾಳೆ ಬೀದಿಯಲ್ಲಿ ಉತ್ತರ ಕೊಡಬೇಕಾದವರು. ನಾನು ಒಂದೇ ಅಳತೆಗೋಲು ಇಟ್ಟೆ: ನಮ್ಮ ಹಣ, ನಮ್ಮ ಠರಾವಿನಿಂದ ಆಗುವಂಥದ್ದು ಈ ಪಟ್ಟಿಗೆ ಬರಬಾರದು. ಚರಂಡಿ, ಸಿ.ಸಿ. ರಸ್ತೆ, ಬೀದಿದೀಪಗಳನ್ನು ನಗರಸಭೆಯ ಆಯವ್ಯಯಕ್ಕೆ ಸೇರಿಸಿದೆವು. ಹಾಗೆ ಸೇರಿಸಿದ್ದನ್ನು ನಡಾವಳಿಯಲ್ಲಿ ವಾರ್ಡ್‌ವಾರು ಬರೆಸಿದ್ದರಿಂದಲೇ ಸದಸ್ಯರು ಒಪ್ಪಿದರು. ಬರೀ ಮಾತು ಕೊಟ್ಟಿದ್ದರೆ ಖಂಡಿತ ಒಪ್ಪುತ್ತಿರಲಿಲ್ಲ.

ಉಳಿದವುಗಳಲ್ಲಿ ದೊಡ್ಡದು ನೀರು. ಒಳಚರಂಡಿ ಇರುವ ಊರಿಗೆ ದಿನಕ್ಕೆ ತಲಾ 135 ಲೀಟರ್ ಎನ್ನುವುದು ಮಾನದಂಡ. ನಮ್ಮಲ್ಲಿ ಬೇಸಿಗೆ ಬಂದರೆ ನೀರು ಬಿಡುವವರ ಫೋನಿಗೆ ಬಿಡುವಿರುವುದಿಲ್ಲ. ಎಲ್ಲರ ಬಾಯಲ್ಲೂ ಹೊಸ ಓವರ್‌ಹೆಡ್ ಟ್ಯಾಂಕಿನ ಮಾತು. ಆದರೆ ಕಿರಿಯ ಎಂಜಿನಿಯರ್ ಜೊತೆ ಜಾಕ್‌ವೆಲ್‌ವರೆಗೆ (ನೀರಿನ ಮೂಲದ ಬಳಿ ಪಂಪುಗಳಿರುವ ಬಾವಿ) ಹೋಗಿ ನೋಡಿದಾಗ ಕಂಡದ್ದು ಬೇರೆ. ಪಂಪುಗಳಿಗೆ ವಯಸ್ಸಾಗಿದೆ, ಅಲ್ಲಿಂದ ಊರಿಗೆ ನೀರು ತರುವ ಏರು ಕೊಳವೆ ದಾರಿಯುದ್ದಕ್ಕೂ ಸೋರುತ್ತಿದೆ, ಎತ್ತುವ ನೀರು ಕಡಿಮೆಯಾದರೂ ಕರೆಂಟ್ ಬಿಲ್ ಏರುತ್ತಲೇ ಇದೆ. ಹೊಸ ಟ್ಯಾಂಕ್ ಕಟ್ಟಿದರೆ ಅದಕ್ಕೆ ತುಂಬಲು ನೀರೇ ಬರುವುದಿಲ್ಲ. ಹಾಗಾಗಿ ನಾವು ಕೇಳಿದ್ದು ಪಂಪು ಬದಲಾವಣೆ, ಏರು ಕೊಳವೆ ದುರಸ್ತಿ, ಅದರ ಜೊತೆಗೆ ಕಾಮಗಾರಿ ಮುಗಿದ ನಂತರದ ಕೆಲವು ವರ್ಷಗಳ ನಿರ್ವಹಣಾ ವೆಚ್ಚ. ನಿರ್ವಹಣೆಯನ್ನು ಬಿಟ್ಟು ಬರೀ ಕಟ್ಟಲು ಹಣ ಕೇಳುವುದು ಊರಿನ ಹೆಸರಿನಲ್ಲಿ ಸಾಲ ಎತ್ತಿದಷ್ಟೇ ಅಪಾಯ. ಈ ಮಾತಿಗೆ ಉದ್ಘಾಟನೆಯ ಕಲ್ಲು ಸಿಗುವುದಿಲ್ಲವಾದ್ದರಿಂದ ಇದನ್ನು ಒತ್ತಿ ಹೇಳಲೇಬೇಕಾಯಿತು.

ನಿಯಮದ ಬೇಡಿಕೆಗೆ ನಮ್ಮ ಯುಜಿಡಿ, ಅಂದರೆ ಒಳಚರಂಡಿ ಯೋಜನೆ, ಒಳ್ಳೆಯ ಉದಾಹರಣೆ. ಮುಖ್ಯ ಕೊಳವೆ ಹಾಕಿದ್ದರು, ಮ್ಯಾನ್‌ಹೋಲ್ ಕಟ್ಟಿದ್ದರು, ಶುದ್ಧೀಕರಣ ಘಟಕವೂ ಎದ್ದಿತ್ತು. ಮನೆಯಿಂದ ಮ್ಯಾನ್‌ಹೋಲ್‌ವರೆಗಿನ ಸಂಪರ್ಕದ ಖರ್ಚು ಮಾತ್ರ ನಮ್ಮ ಯೋಜನೆಯಲ್ಲಿ ಇರಲಿಲ್ಲ, ಅದು ಮನೆಯವರ ಪಾಲು. ಕೂಲಿ ಮಾಡುವವರು ರಸ್ತೆ ಅಗೆತದ ಶುಲ್ಕ ಕಟ್ಟಿ, ಪ್ಲಂಬರ್ ಕರೆಸಿ ಸಂಪರ್ಕ ಮಾಡಿಸಿಕೊಳ್ಳುವುದು ಎಲ್ಲಿಂದ ಬಂತು? ಘಟಕಕ್ಕೆ ಬರಬೇಕಾದ ಕೊಳಚೆ ತೆರೆದ ಚರಂಡಿಯಲ್ಲೇ ಹರಿದು ಕೆರೆ ಸೇರುತ್ತಿತ್ತು. ನಾವು ಕೇಳಿದ್ದು ಇಷ್ಟೇ: ಯೋಜನೆಯಲ್ಲಿ ಉಳಿದ ಹಣವನ್ನು ಬಡ ಕುಟುಂಬಗಳ ಮನೆ ಸಂಪರ್ಕಕ್ಕೆ ಬಳಸಲು ಅನುಮತಿ ಕೊಡಿ. ಬೊಕ್ಕಸದಿಂದ ಹೊಸದಾಗಿ ಒಂದು ರೂಪಾಯಿಯೂ ಬೇಕಿರಲಿಲ್ಲ.

ಇನ್ನೊಂದು ನಿಯಮದ ಬೇಡಿಕೆ ಜನಸಂಖ್ಯೆಯದು. ರಾಜ್ಯದಲ್ಲಿ 700 ಜನರಿಗೆ ಒಬ್ಬ ಪೌರಕಾರ್ಮಿಕರು ಎಂಬ ಲೆಕ್ಕವಿದೆ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ಆಗ ನಡೆಯಲಿಲ್ಲ, 2011ರ ಅಂಕಿಯೇ ಆಧಾರವಾಗಿ ಉಳಿಯಿತು. ಅಲ್ಲಿಂದೀಚೆಗೆ ಎದ್ದ ಬಡಾವಣೆಗಳ ಕಸವನ್ನೂ ಹಳೆಯ ಲೆಕ್ಕದ ಜನರೇ ಗುಡಿಸಬೇಕು. ಅವರು ಬೆಳಗಿನ ಜಾವ ಎದ್ದು ಬಂದು ಇಬ್ಬರ ಕೆಲಸ ಒಬ್ಬರೇ ಮಾಡುವುದನ್ನು ನೋಡಿದವರಿಗೆ ಇದು ಬರೀ ಅಂಕಿಯ ವಿಷಯವಲ್ಲ. ಆಸ್ತಿಗಳ ವಹಿ ಮತ್ತು ಮತದಾರರ ಪಟ್ಟಿಯನ್ನು ಆಧಾರವಾಗಿಟ್ಟುಕೊಂಡು ಮಧ್ಯಂತರ ಅಂದಾಜು ಒಪ್ಪಿಕೊಳ್ಳಿ ಎಂದು ಬರೆದೆವು.

ಯಾರ ಕೈಗೆ ಕೊಡಬೇಕೆಂಬುದನ್ನೂ ಯೋಚಿಸಿದೆವು. ಶಾಸಕರು ನಗರಸಭೆಯ ಸದಸ್ಯರೂ ಹೌದು, ಅವರನ್ನು ಸಭೆಗೆ ಕರೆಯುವ ಹಕ್ಕು ನಮಗಿದೆ. ಎಲ್ಲರೂ ಅವರ ಪ್ರದೇಶಾಭಿವೃದ್ಧಿ ನಿಧಿಯ ಮೇಲೇ ಕಣ್ಣಿಡುತ್ತಾರೆ. ವರ್ಷಕ್ಕೆ 2 ಕೋಟಿ, ಅದೂ ಇಡೀ ಕ್ಷೇತ್ರಕ್ಕೆ. "ಸರ್, ಈ ಪಟ್ಟಿಯಲ್ಲಿ ಯಾವುದಕ್ಕೂ ನಿಮ್ಮ ನಿಧಿ ಬೇಡ" ಎಂದೆ. ಅವರು ಪತ್ರ ಕೆಳಗಿಡದೆ ಪೂರ್ತಿ ಓದಿದರು. "ಒಂದೊಂದಕ್ಕೂ ನಾನು ಯಾರನ್ನ ಕೇಳ್ಬೇಕು ಅಂತ ಬರ್ಕೊಡ್ರಿ" ಅಂದರು. ಅದು ಸಿದ್ಧವಿತ್ತು: ಪ್ರತಿ ಬೇಡಿಕೆಗೆ ಒಂದು ಪುಟ, ಅದರಲ್ಲಿ ಇಲಾಖೆ, ಲೆಕ್ಕ ಶೀರ್ಷಿಕೆ (ಬಜೆಟ್ಟಿನಲ್ಲಿ ಆ ಹಣ ಬರುವ ಖಾತೆ), ಕಡತ ಈಗ ಯಾರ ಮೇಜಿನ ಮೇಲಿದೆ, ಜಾಗದ ದಾಖಲೆ, ನಮ್ಮ ವಂತಿಗೆ.

ಬಹಳ ಊರುಗಳು ಮರೆಯುವುದು ವಿಧಾನ ಪರಿಷತ್ತನ್ನು. ಅಲ್ಲಿನ 75 ಸ್ಥಾನಗಳಲ್ಲಿ 25ಕ್ಕೆ ಆಯ್ಕೆಯಾಗುವವರು ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ. ಅವರಿಗೆ ಮತ ಹಾಕುವವರೇ ನಾವು, ಸದಸ್ಯರು. ನಿಯಮದ ಬೇಡಿಕೆಗಳನ್ನು ಅವರಿಗೆ ಕೊಟ್ಟು, ಪ್ರಶ್ನೆಯ ಕರಡನ್ನೂ ಬರೆದು ಕೊಟ್ಟೆವು. ಯುಜಿಡಿ ಪ್ರಶ್ನೆ ಸದನಕ್ಕೆ ಬಂತು, ಪರಿಶೀಲಿಸುವುದಾಗಿ ಲಿಖಿತ ಉತ್ತರವೂ ಬಂತು. ಆ ಉತ್ತರದ ಪ್ರತಿ ಹಿಡಿದು ಪೌರಾಡಳಿತ ನಿರ್ದೇಶನಾಲಯಕ್ಕೆ ಹೋದಾಗ ಅದೇ ಕಡತ ಅಲುಗಾಡಿತು, ಅನುಮತಿ ಸಿಕ್ಕಿತು. ಪಂಪುಗಳಿಗೆ ಹಣ ಬಂತು, ಏರು ಕೊಳವೆಗೆ ಅರ್ಧ ಮಾತ್ರ. ನಿರ್ವಹಣಾ ವೆಚ್ಚ ಬರಲಿಲ್ಲ. ಜನಸಂಖ್ಯೆಯ ಬೇಡಿಕೆಗೆ ಉತ್ತರವೇ ಇಲ್ಲ.

ಮರುವರ್ಷದ ಪಟ್ಟಿಗೆ ಹೊಸದೇನನ್ನೂ ಸೇರಿಸದೆ, ಬಾಕಿ ಉಳಿದ ಆ ಬೇಡಿಕೆಗಳನ್ನೇ ಮೇಲಕ್ಕೆ ತಂದೆವು. ಪ್ರತಿಯೊಂದರ ಹಿಂದೆ ಹಿಂದಿನ ಪತ್ರದ ದಿನಾಂಕ, ಸ್ವೀಕೃತಿಯ ಮೊಹರು, ಬಂದ ಉತ್ತರದ ಪ್ರತಿ ಲಗತ್ತಿಸಿ ಶಾಸಕರ ಆಪ್ತ ಸಹಾಯಕರಿಗೂ ಒಂದು ಸೆಟ್ ಕೊಟ್ಟು ಬಂದೆ.