‘ಶ್ರಿಫ್ಟ್’ ಪದವನ್ನು ಕನ್ನಡಕ್ಕೆ ತಂದ ಬಗೆ

ಶೇಕ್ಸ್‌ಪಿಯರನ ‘ಮೂರನೆಯ ರಿಚರ್ಡ್’ ನಾಟಕದ ಮೂರನೆಯ ಅಂಕವನ್ನು ಅನುವಾದಿಸುವಾಗ ಪಾದ್ರಿಯ ಮುಂದಿನ ಪಾಪನಿವೇದನೆಯನ್ನೂ ಅದಕ್ಕೆ ಸಿಗುವ ಕ್ಷಮೆಯನ್ನೂ ಸೂಚಿಸುವ ‘ಶ್ರಿಫ್ಟ್’ ಎಂಬ ಇಂಗ್ಲಿಷಿನ ಹಳೆಯ ಪದ ನನ್ನನ್ನು ಹಲವು ದಿನ ತಡೆದು ನಿಲ್ಲಿಸಿತು. ಹೇಸ್ಟಿಂಗ್ಸ್ ಎಂಬ ಸರದಾರನ ತಲೆ ಕಡಿಯಲು ಡ್ಯೂಕ್ ರಿಚರ್ಡನ ಆಜ್ಞೆಯಾಗಿದೆ. ಡ್ಯೂಕನಿಗೆ ಊಟದ ಹೊತ್ತಾಯಿತು, ನಿನ್ನ ತಲೆ ನೋಡಲು ಕಾತರಿಸುತ್ತಿದ್ದಾನೆ, ‘ಶ್ರಿಫ್ಟ್’ ಚುಟುಕಾಗಿರಲಿ ಎಂದು ಡ್ಯೂಕನ ಅನುಚರ ರ‍್ಯಾಟ್‌ಕ್ಲಿಫ್ ಅವಸರಪಡಿಸುತ್ತಾನೆ. ‘ಶಾರ್ಟ್ ಶ್ರಿಫ್ಟ್’ ಎಂದರೆ ಇಂದಿನ ಇಂಗ್ಲಿಷಿನಲ್ಲಿ ಅಸಡ್ಡೆ. ಅದನ್ನೇ ನೆಚ್ಚಿ ಮೊದಲ ಕರಡಿನಲ್ಲಿ ‘ಮಾತು ಸಾಕು’ ಎಂದು ಬರೆದುಬಿಟ್ಟಿದ್ದೆ. ಸಾಯಲಿರುವವನು ಪಾದ್ರಿಯ ಮುಂದೆ ಪಾಪ ಹೇಳಿಕೊಂಡು ಕ್ಷಮೆ ಪಡೆಯುವ ಕೊನೆಯ ಗಳಿಗೆಯನ್ನೂ ಮೊಟಕುಗೊಳಿಸುತ್ತಿರುವ ಕ್ರೌರ್ಯವೆಲ್ಲ ಆ ಎರಡು ಪದಗಳಲ್ಲಿ ಅಳಿಸಿಹೋಗಿತ್ತು.

ಆಗ ಪದದ ಬೇರನ್ನು ಹುಡುಕಿದೆ. ಅದು ಲ್ಯಾಟಿನ್ನಿನ ‘ಸ್ಕ್ರೀಬೆರೆ’, ಅಂದರೆ ಬರೆಯುವುದು. ಜರ್ಮನ್ ಭಾಷೆಯ ‘ಷ್ರೈಬನ್’ ಇಂದಿಗೂ ಬರೆಯುವುದೆಂಬ ಅರ್ಥದಲ್ಲೇ ಉಳಿದಿದೆ. ಇಂಗ್ಲಿಷಿಗೆ ಬರೆಯಲು ‘ರೈಟ್’ ಎಂಬ ತನ್ನದೇ ಪದವಿದ್ದುದರಿಂದ, ಎರವಲು ಬಂದ ‘ಶ್ರೈವ್’ ಎಂಬ ಕ್ರಿಯಾಪದ ‘ವಿಧಿಸು’ ಎಂಬ ಅರ್ಥಕ್ಕೆ ಹೊರಳಿ, ಪಾದ್ರಿ ಪ್ರಾಯಶ್ಚಿತ್ತ ವಿಧಿಸುವುದಕ್ಕೂ, ಪಾಪ ಹೇಳಿಕೊಳ್ಳುವುದಕ್ಕೂ, ಕೊನೆಗೆ ಕ್ಷಮೆಗೂ ಹಬ್ಬಿತು. ಈಸ್ಟರ್‌ಗೆ ಮುನ್ನ ಕ್ರೈಸ್ತರು ಆಚರಿಸುವ ಲೆಂಟ್ ಉಪವಾಸದ ಹಿಂದಿನ ದಿನವಾದ ‘ಶ್ರೋವ್ ಟ್ಯೂಸ್‌ಡೇ’ಯ ಹೆಸರಿನಲ್ಲಿರುವುದೂ ಇದೇ ಕ್ರಿಯಾಪದ. ನನ್ನನ್ನು ಹೆಚ್ಚು ಅಲುಗಿಸಿದ್ದು ಹಳೆಯ ಇಂಗ್ಲಿಷಿನ ‘ಬೇವುಲ್ಫ್’ ಕಾವ್ಯದ ಒಂದು ಸಾಲು: ಅಲ್ಲಿ ವೀರನಿಗೆ ಗೆಲುವನ್ನು ವಿಧಿ ‘ವಿಧಿಸಲಿಲ್ಲ’ ಎನ್ನುವಾಗ ಬರುವುದೂ ಇದೇ ಕ್ರಿಯಾಪದ. ವಿಧಿ, ವಿಧಿಸು, ಹಣೆಬರಹ ಎಂಬ ಮಾತುಗಳನ್ನು ದಿನವೂ ಆಡುವ ನಮಗೆ ಬರವಣಿಗೆ ಅಪ್ಪಣೆಯಾಗುವ ಈ ದಾರಿ ಅಪರಿಚಿತವಲ್ಲ.

ಆದರೂ ಒಂದೇ ಕನ್ನಡ ಪದ ಎಲ್ಲ ಕಡೆಗೂ ಒಗ್ಗಲಿಲ್ಲ. ‘ರೋಮಿಯೋ ಮತ್ತು ಜೂಲಿಯೆಟ್’ನಲ್ಲಿ ಫ್ರಯರ್ ಲಾರೆನ್ಸ್ ಎಂಬ ಪಾದ್ರಿ ಪಾಪ ಹೇಳಿಕೊಳ್ಳುವುದನ್ನೂ ‘ಶ್ರಿಫ್ಟ್’ ಅನ್ನೂ ಬೇರೆಬೇರೆಯಾಗಿ ಎಣಿಸುತ್ತಾನೆ. ಆದ್ದರಿಂದ ಅಲ್ಲಿ ‘ಒಗಟಿನ ನಿವೇದನೆಗೆ ಒಗಟಿನ ಕ್ಷಮೆಯೇ ಸಿಕ್ಕೀತು’ ಎಂದು ಬರೆದುಕೊಂಡೆ. ಹೇಸ್ಟಿಂಗ್ಸನ ಸಾಲಿಗೆ ನಮ್ಮ ಕ್ರೈಸ್ತರ ಬಳಕೆಯಲ್ಲಿರುವ ‘ಪಾಪನಿವೇದನೆ’ಯನ್ನೇ ಆರಿಸಿದೆ, ಏಕೆಂದರೆ ಅಲ್ಲಿ ಮೊಟಕಾಗುತ್ತಿರುವುದು ಹೇಳಿಕೊಳ್ಳುವವನ ಸಮಯ. ‘ಪಾಪನಿವೇದನೆ ಬೇಗ ಮುಗಿಸು, ನಿನ್ನ ತಲೆ ನೋಡಲು ಅವನು ಕಾದಿದ್ದಾನೆ.’