ಕಿಲ್ಟಿನ ನೆರಿಗೆ ನಿಲ್ಲುವುದು ದಾರದಿಂದ, ಇಸ್ತ್ರಿಯಿಂದಲ್ಲ

ಗ್ಲಾಸ್ಗೋದಲ್ಲಿ ಬೇಸಿಗೆ ಬಂತೆಂದರೆ ಇಲ್ಲಿನ ನಮ್ಮವರ ಮನೆಗಳಲ್ಲೂ ಕಿಲ್ಟ್, ಅಂದರೆ ಸ್ಕಾಟ್ಲೆಂಡಿನ ಗಂಡಸರು ಸೊಂಟಕ್ಕೆ ಸುತ್ತಿ ಉಡುವ ಮೊಣಕಾಲುದ್ದದ ನೆರಿಗೆ ಉಡುಪು, ಹೊರಗೆ ಬರುತ್ತದೆ. ಯಾರದೋ ಮದುವೆ, ಇಲ್ಲಾಂದರೆ ಮಕ್ಕಳ ಪೈಪ್ ಬ್ಯಾಂಡ್, ಅಂದರೆ ಬ್ಯಾಗ್‌ಪೈಪ್ ಮತ್ತು ಡ್ರಮ್ ಬಾರಿಸುವ ತಂಡ. ಹಿಂದಿನ ರಾತ್ರಿ ಇಸ್ತ್ರಿ ಶುರು. ನೆರಿಗೆ ಮೇಲೆ ಇಸ್ತ್ರಿಪೆಟ್ಟಿಗೆ ಎಳೆದು ಎಳೆದು, ಬೆಳಿಗ್ಗೆ ನೋಡಿದರೆ ಒಂದೊಂದು ನೆರಿಗೆಗೂ ಎರಡೆರಡು ಗೆರೆ, ಬಟ್ಟೆ ಮೇಲೆಲ್ಲ ಹೊಳಪು. ಆ ಹೊಳಪು ಸುಲಭಕ್ಕೆ ಹೋಗಲ್ಲ. ಇದನ್ನು ಎಷ್ಟು ಮನೆಗಳಲ್ಲಿ ನೋಡಿದ್ದೇನೆಂದರೆ, ಬರೆದೇ ಬಿಡೋಣ ಅನಿಸಿತು.

ಒಳ್ಳೆ ಉಣ್ಣೆ ಕಿಲ್ಟಿಗೆ ಸುಮಾರು 8 ಗಜ ಬಟ್ಟೆ ಹೋಗುತ್ತದೆ. ನಮ್ಮ ಸೀರೆಗಿಂತ ಎರಡು ಗಜ ಜಾಸ್ತಿ. ಅದರಲ್ಲಿ ಬಹುಪಾಲು ಹಿಂಭಾಗದ ನೆರಿಗೆಗಳಲ್ಲೇ ಅಡಗಿರುತ್ತದೆ. ಸೊಂಟದಿಂದ ಹೆಚ್ಚುಕಡಿಮೆ ಒಂದು ಗೇಣಿನವರೆಗೆ ನೆರಿಗೆಗಳನ್ನು ಹೊಲಿದಿರುತ್ತಾರೆ, ಅಲ್ಲಿಂದ ಕೆಳಗೆ ಬಿಡಿ. ಕೆಡುವುದು ಈ ಬಿಡಿ ಭಾಗ. ಉಣ್ಣೆಯ ಗುಣ ಏನೆಂದರೆ, ಬಿಸಿ ಮತ್ತು ತೇವ ತಾಗಿದಾಗ ಮೆತ್ತಗಾಗುತ್ತದೆ, ಆರುವಾಗ ಹೇಗಿತ್ತೋ ಹಾಗೇ ನಿಲ್ಲುತ್ತದೆ. ಹಾಗಾಗಿ ಆರುವ ಹೊತ್ತಿಗೆ ನೆರಿಗೆ ಅದರ ಜಾಗದಲ್ಲಿ ಇರಬೇಕು. ಉಳಿದದ್ದೆಲ್ಲ ಇದಕ್ಕಾಗಿಯೇ.

ಮೊದಲು, ತೊಟ್ಟು ಬಂದ ದಿನದ ಕೆಲಸ. ಕಿಲ್ಟನ್ನು ಕುರ್ಚಿ ಮೇಲೆ ಎಸೆಯಬೇಡಿ. ಮೆತ್ತನೆ ಬ್ರಷ್ಷಿನಿಂದ ಧೂಳು ತೆಗೆದು, ಕ್ಲಿಪ್ ಇರುವ ಹ್ಯಾಂಗರಿಗೆ ಸೊಂಟಪಟ್ಟಿ ಹಿಡಿಸಿ ನೇತುಹಾಕಿ. ದಪ್ಪ ಉಣ್ಣೆಯದು ಸುಮಾರು 2 ಕಿಲೋ ತೂಗುತ್ತದೆ, ತೆಳು ತಂತಿಯ ಅಗ್ಗದ ಹ್ಯಾಂಗರ್ ರಾತ್ರಿಯೇ ಬಾಗಿ ಕಿಲ್ಟನ್ನು ನೆಲಕ್ಕೆ ಬಿಡುತ್ತದೆ. ಗಟ್ಟಿ ಹ್ಯಾಂಗರಿಗೆ ದುಡ್ಡು ಹಾಕಿ, ದಂಡವಲ್ಲ. ಸಣ್ಣಪುಟ್ಟ ಮುದುರು ಇದ್ದರೆ ನೀವು ಬಿಸಿನೀರು ಸ್ನಾನ ಮಾಡುವಾಗ ಬಚ್ಚಲುಮನೆಯಲ್ಲೇ ನೇತುಹಾಕಿ, ಆಮೇಲೆ ಒಂದೊಂದೇ ನೆರಿಗೆಯನ್ನು ಎರಡು ಬೆರಳ ನಡುವೆ ಹಿಡಿದು ಮೇಲಿನಿಂದ ಕೆಳಗೆ ನೀವಿ. ಎಷ್ಟೋ ಸಲ ಇಷ್ಟೇ ಸಾಕು.

ಇನ್ನು ಕಚ್ಚಾ ಹೊಲಿಗೆ, ಅಂದರೆ ನೆರಿಗೆಗಳನ್ನು ಅವುಗಳ ಜಾಗದಲ್ಲೇ ಹಿಡಿದಿಡಲು ಹಾಕಿ ಆಮೇಲೆ ಬಿಚ್ಚಿಬಿಡುವ ಹೊಲಿಗೆ. ಎಲ್ಲರೂ ಬಿಟ್ಟುಬಿಡುವುದು ಇದನ್ನೇ, ಕಿಲ್ಟ್ ಹೊಲಿಯುವವರು ಎಂದೂ ಬಿಡದಿರುವುದೂ ಇದನ್ನೇ. ಅರ್ಧ ಗಂಟೆ ಹಿಡಿಯುತ್ತದೆ, ಟಿವಿ ಆರಿಸಿ ಕೂತುಕೊಳ್ಳಿ.

ಊಟದ ಮೇಜಿನ ಮೇಲೆ ಕಂಬಳಿ ಹಾಸಿ, ನೆರಿಗೆ ಮೇಲೆ ಬರುವ ಹಾಗೆ ಕಿಲ್ಟನ್ನು ಹರಡಿ. ಸೊಂಟ ನಿಮ್ಮಿಂದ ಆಚೆ, ಅಂಚು ನಿಮ್ಮ ಕಡೆ. ಪೂರ್ತಿ ಕಿಲ್ಟ್ ಮೇಜಿನ ಮೇಲೇ ಇರಬೇಕು, ಪಕ್ಕಕ್ಕೆ ಜೋತುಬಿದ್ದರೆ ಆ ಭಾರಕ್ಕೆ ನೀವು ಕೂರಿಸಿದ ನೆರಿಗೆಗಳೆಲ್ಲ ಜಾರುತ್ತವೆ. ಒಂದು ತುದಿಯಿಂದ ಶುರು ಮಾಡಿ. ಹೊಲಿಗೆ ಮುಗಿಯುವ ಜಾಗದಲ್ಲಿ ನೆರಿಗೆಯ ಮಡಿಕೆಯನ್ನು ಹಿಡಿದು, ಅದೇ ದಿಕ್ಕಿನಲ್ಲಿ ಅಂಚಿನವರೆಗೆ ನೇರ ತನ್ನಿ. ಈಗ ಚೌಕುಳಿ ನೋಡಿ. ಟಾರ್ಟನ್ನಿನ, ಅಂದರೆ ಈ ಚೌಕುಳಿ ಬಟ್ಟೆಯ, ಅಡ್ಡಗೆರೆ ಒಂದು ನೆರಿಗೆಯಿಂದ ಪಕ್ಕದ ನೆರಿಗೆಗೆ ಮುರಿಯದೆ ಹರಿಯಬೇಕು. ನಮ್ಮ ಮಗನ ಕಿಲ್ಟಿನಲ್ಲಿ ಕಡುಹಸಿರಿನ ನಡುವೆ ಒಂದು ಸಣ್ಣ ಹಳದಿ ಗೆರೆ ಇದೆ, ನಾನು ಅದನ್ನೇ ಅಳತೆಗೋಲು ಮಾಡಿಕೊಂಡಿದ್ದೇನೆ. ಆ ಹಳದಿ ಎಲ್ಲಾದರೂ ಮೆಟ್ಟಿಲಿನಂತೆ ಮೇಲೆ ಕೆಳಗೆ ಆಗಿದ್ದರೆ ಅಲ್ಲಿ ನೆರಿಗೆ ಜಾರಿದೆ ಅಂತಲೇ ಅರ್ಥ. ಆಮೇಲೆ ಮಡಿಕೆಯ ಒಳಗೆ ಬೆರಳು ತೂರಿಸಿ, ಒಳಪದರ ಮಡಚಿಕೊಂಡಿಲ್ಲ ತಾನೇ ನೋಡಿ. ಹೊರಗೆ ಚೆನ್ನಾಗಿ ಕಂಡರೂ ಒಳಗೆ ಮಡಚಿದ್ದರೆ ಅದೂ ಗೆರೆಯಾಗಿ ಕೂರುತ್ತದೆ.

ಸರಿಯಾದ ಮೇಲೆ ಬಿಳಿ ಹತ್ತಿ ದಾರದಿಂದ ನೆರಿಗೆಗಳಿಗೆ ಅಡ್ಡಲಾಗಿ ದೊಡ್ಡ ದೊಡ್ಡ ಹೊಲಿಗೆ ಹಾಕುತ್ತಾ ಹೋಗಿ. ಪ್ರತಿ ಹೊಲಿಗೆಯೂ ಮಡಿಕೆಯ ತುದಿಯನ್ನು ಹಿಡಿದು ಅದರ ಕೆಳಗಿನ ನೆರಿಗೆಗೆ ಕಚ್ಚಬೇಕು. ಬಣ್ಣದ ದಾರ ಬೇಡ, ತೇವಕ್ಕೆ ಬಣ್ಣ ಬಿಟ್ಟರೆ ಕಷ್ಟ. ಗಂಟೂ ಬೇಡ, ಮೊದಲ ಹೊಲಿಗೆಯನ್ನು ಅದೇ ಜಾಗದಲ್ಲಿ ಎರಡು ಸಲ ಹಾಕಿದರೆ ನಿಲ್ಲುತ್ತದೆ. ಬಿಗಿಯಾಗಿ ಎಳೆಯಲೇಬೇಡಿ, ಗುಳಿ ಬೀಳುತ್ತದೆ. ಇಂಥ ಮೂರು ಸಾಲು ಬೇಕು: ಹೊಲಿಗೆ ಮುಗಿದ ಕೆಳಗೇ ಒಂದು, ಮಧ್ಯದಲ್ಲಿ ಒಂದು, ಅಂಚಿನಿಂದ ಮೂರು ಬೆರಳು ಮೇಲೆ ಒಂದು. ಕೆಲವರು ಎರಡೇ ಸಾಲು ಹಾಕುತ್ತಾರೆ. ನನ್ನನ್ನು ಕೇಳಿದರೆ ಮಧ್ಯದ ಸಾಲು ಬಿಟ್ಟವರ ನೆರಿಗೆ ಮೊಣಕಾಲ ಮೇಲೆ ಉಬ್ಬುತ್ತದೆ, ಬಿಡಬೇಡಿ.

ದಾರದ ಬದಲು ಬಟ್ಟೆ ಕ್ಲಿಪ್ಪು, ಹೇರ್‌ಪಿನ್ನು ಹಾಕುವವರಿದ್ದಾರೆ. ಕ್ಲಿಪ್ಪಿನ ಹಲ್ಲು ಅಚ್ಚಾಗುತ್ತದೆ, ಪಿನ್ನಿನ ತುಕ್ಕು ಕಲೆಯಾಗುತ್ತದೆ. ಹಾಸಿಗೆ ಕೆಳಗೆ ಇಟ್ಟು ಮಲಗುವುದೂ ಉಂಟು. ಹೊಲಿಗೆ ಹಾಕದೆ ಹಾಗೆ ಮಾಡಿದರೆ ನೆರಿಗೆ ಎಲ್ಲಿ ಬಿದ್ದಿತ್ತೋ ಅಲ್ಲೇ ಗೆರೆ.

ಹೊಲಿಗೆ ಆದಮೇಲೆ ಸ್ಪ್ರೇ ಬಾಟಲಿಯಿಂದ ನೀರು ಸಿಂಪಡಿಸಿ, ಕೈಯಿಂದ ಸವರಿ, ರಾತ್ರಿಯಿಡೀ ಬಿಡಿ. ಹೀಟರ್ ಹತ್ತಿರ ಬೇಡ. ಇಲ್ಲಿನ ಮಳೆಯಲ್ಲಿ ನೆನೆದು ಬಂದ ದಿನವೇ ಕಚ್ಚಾ ಹೊಲಿಗೆ ಹಾಕಿದರೆ ಸಿಂಪಡಿಸುವ ಕೆಲಸವೂ ಇಲ್ಲ. ನೀರಿನ ಜೊತೆ ಗಂಜಿ ಸ್ಪ್ರೇ ಮಾತ್ರ ಹಾಕಬೇಡಿ. ಹತ್ತಿ ಪಂಚೆಗೆ ಅದು ಸರಿ, ಕಪ್ಪು ಉಣ್ಣೆ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ.

ಬೆಳಿಗ್ಗೆಯೂ ನೆರಿಗೆಯ ಮಡಿಕೆ ಚೂಪಾಗಿ ಕೂತಿಲ್ಲದಿದ್ದರೆ ಆಗ ಇಸ್ತ್ರಿ. ಒಂದು ಹಳೇ ಪಂಚೆಯ ತುಂಡನ್ನು ಒದ್ದೆ ಮಾಡಿ, ಚೆನ್ನಾಗಿ ಹಿಂಡಿ, ನೆರಿಗೆ ಮೇಲೆ ಹಾಸಿ. ಇಸ್ತ್ರಿಪೆಟ್ಟಿಗೆಯನ್ನು ಉಣ್ಣೆಯ ಬಿಸಿಗೆ ಇಟ್ಟು, ಒತ್ತಿ, ಹತ್ತು ಎಣಿಸಿ, ಎತ್ತಿ ಪಕ್ಕಕ್ಕೆ ಇಡಿ. ಎಳೆಯಬೇಡಿ. ಬಟ್ಟೆ ಪೂರ್ತಿ ತಣ್ಣಗಾಗುವ ತನಕ ಕಿಲ್ಟನ್ನು ಅಲುಗಾಡಿಸಬೇಡಿ, ಬಿಸಿ ಇರುವಾಗಲೇ ಎತ್ತಿದರೆ ಮಾಡಿದ್ದೆಲ್ಲ ಹಾಳು. ಪ್ರವಾಸಿಗರ ಅಂಗಡಿಯಲ್ಲಿ ಸಿಗುವ ಅಕ್ರಿಲಿಕ್ ಕಿಲ್ಟಿಗೆ ಇದ್ಯಾವುದೂ ಲೆಕ್ಕಕ್ಕಿಲ್ಲ. ಅದರಲ್ಲಿ ನೆರಿಗೆ ನಿಲ್ಲುವುದಿಲ್ಲ, ಬಿಸಿ ಜಾಸ್ತಿಯಾದರೆ ಕರಗುತ್ತದೆ. ಮಕ್ಕಳಿಗೆ ಒಂದು ದಿನಕ್ಕೆ ಉಣ್ಣೆಯದನ್ನೇ ಬಾಡಿಗೆಗೆ ತನ್ನಿ, ಅಕ್ರಿಲಿಕ್ಕಿನದನ್ನು ಕೊಳ್ಳಬೇಡಿ.

ತೊಟ್ಟಾಗ ಒಂದೇ ಅಭ್ಯಾಸ ಸಾಕು. ಕೂರುವ ಮುಂಚೆ ಎರಡೂ ಕೈಯನ್ನು ಹಿಂದೆ ಒಯ್ದು ನೆರಿಗೆಗಳನ್ನು ಸೊಂಟದಿಂದ ಕೆಳಕ್ಕೆ ಸವರಿಕೊಂಡು ಕೂರಿ, ಕಾರಿನಲ್ಲೂ ಹಾಗೇ.

ದೂರ ಹೋಗುವುದಿದ್ದರೆ ಕಚ್ಚಾ ಹೊಲಿಗೆ ಬಿಚ್ಚಬೇಡಿ. ಮುಂಭಾಗದ ನೆರಿಗೆ ಇಲ್ಲದ ಎರಡು ಅಗಲ ಪಟ್ಟಿಗಳನ್ನು ಒಳಕ್ಕೆ ಮಡಚಿ, ಒಂದು ಪಕ್ಕದಿಂದ ಚಾಪೆ ಸುತ್ತಿದ ಹಾಗೆ ಸುತ್ತಿ, ಹಳೇ ನೈಲಾನ್ ಸ್ಟಾಕಿಂಗಿನ ಒಂದು ಕಾಲಿನೊಳಗೆ ತೂರಿಸಿ. ಆಗಸ್ಟಿನಲ್ಲಿ ಗ್ಲಾಸ್ಗೋ ಗ್ರೀನ್ ಮೈದಾನದಲ್ಲಿ ವಿಶ್ವ ಪೈಪ್ ಬ್ಯಾಂಡ್ ಸ್ಪರ್ಧೆ ನಡೆಯುವ ದಿನ ನಮ್ಮ ಮಗನ ಕಿಲ್ಟ್ ಹೀಗೇ ಹೋಗುತ್ತದೆ. ಅಲ್ಲಿ ತಲುಪಿದ ಮೇಲೆ ಸಣ್ಣ ಕತ್ತರಿಯಿಂದ ದಾರವನ್ನು ನಾಲ್ಕೈದು ನೆರಿಗೆಗೊಮ್ಮೆ ಕತ್ತರಿಸಿ ತುಂಡು ತುಂಡಾಗಿ ತೆಗೆಯುತ್ತೇನೆ. ಇಡೀ ದಾರವನ್ನು ಒಂದೇ ಎಳೆತಕ್ಕೆ ಎಳೆದರೆ ಉಣ್ಣೆಯ ಎಳೆಯೂ ಜೊತೆಗೆ ಬರುತ್ತದೆ.